ರೈಫಲ್ ವೇಷದ ನುಣುಪು ಕೋವಿ: ತಗೊಳ್ಳಲಾ, ಬಿಡಲಾ?

ಕೊಪ್ಪದ_ಮಳೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಹತ್ತಿರ. ಊರು ಕೊಪ್ಪದ ಕಡೆ. ಅಜ್ಜನ ಮನೆಯಲ್ಲಿ ಒಂದು ಕೇಪಿನ ಕೋವಿ ಇತ್ತು. ಅದರ ಹೊಗೆ ವಾಸನೆ ತಲೆಗೆ ಹತ್ತಿದ್ದು ಇನ್ನೂ ಇಳಿದಿಲ್ಲ. ನಾಲ್ಕು ವರ್ಷದ ಹಿಂದೆ ಇಲ್ಲಿ ಒಂದು ಚಕಮಕಿ ರೈಫಲ್ (ಕಲ್ಲಿನ ಕಿಡಿಯಿಂದ ಮದ್ದು ಹೊತ್ತುವಂಥದ್ದು) ತಗೊಂಡೆ. ಅರ್ಧ ಇಂಚಿನ ನಳಿಗೆ, ಒಳಗೆ ಸುರುಳಿ ಗೀರು ಇರುವಂಥದ್ದು. ಬಾಯಿಂದ ಮದ್ದು ತುಂಬಿ, ಬಟ್ಟೆ ಸುತ್ತಿದ ಗುಂಡು ಜಡಿದು ಹೊಡೆಯುವುದು.

ಈಗ ನಾನು ಗುರಿ ಹೊಡೆಯಲು ಹೋಗುವ ರೇಂಜಿನ ಹಿರಿಯರೊಬ್ಬರು ತಮ್ಮದೊಂದು ಕೋವಿ ಮಾರುತ್ತಿದ್ದಾರೆ. ಹೊರಗಿಂದ ನೋಡಿದರೆ ಅಪ್ಪಟ ಪೆನ್ಸಿಲ್ವೇನಿಯಾ ರೈಫಲ್. ಹುಲಿಪಟ್ಟೆಯಂಥ ಗೆರೆಯ ಮೇಪಲ್ ಮರ, ಕೆನ್ನೆ ಊರಲು ಉಬ್ಬು, ಪಕ್ಕದಲ್ಲಿ ಹಿತ್ತಾಳೆ ಮುಚ್ಚಳದ ಪುಟ್ಟ ಪೆಟ್ಟಿಗೆ, ಹಿಂದೆ ಮುಂದೆ ಎರಡೂ ಸೈಟು (ನಳಿಗೆಯ ಮೇಲೆ ಗುರಿ ಹಿಡಿಯುವ ಗುರುತು). 42 ಇಂಚಿನ ನಳಿಗೆ. ಬುಡದಲ್ಲಿ ಎಂಟು ಮೂಲೆ, ಮುಂದೆ ಹೋಗುತ್ತಾ ದುಂಡಗೆ. ಆದರೆ ಒಳಗೆ ಒಂದು ಗೀರೂ ಇಲ್ಲ. ಕೊಳವೆ ಪೈಪಿನ ಹಾಗೆ ನುಣ್ಣಗೆ. 20 ಗೇಜು (ಗೇಜು ಅಂದರೆ ನಳಿಗೆಯ ಬಾಯಿಯ ಅಳತೆ). ಇದಕ್ಕೆ ಇಲ್ಲಿ ‘ಸ್ಮೂತ್ ರೈಫಲ್’ ಎನ್ನುತ್ತಾರೆ. 1,400 ಡಾಲರ್ ಹೇಳಿದ್ದಾರೆ. ಯೋಚನೆ ಮಾಡಲು ಎರಡು ವಾರ ಕೊಟ್ಟಿದ್ದಾರೆ.

ಮನೆಯಲ್ಲಿ ಹೆಂಡತಿಯನ್ನು ಕೇಳಿದೆ. ‘ಇರುವುದೇ ವರ್ಷಕ್ಕೆ ಹತ್ತು ಸಲ ಹೊರಗೆ ಬರಲ್ಲ’ ಅಂದಳು. ಸುಳ್ಳಲ್ಲ. ನಿಮಗೇನನ್ನಿಸುತ್ತದೆ?

ಸಂಶಯ_ಪಿಶಾಚಿ

ಗೀರು ಇದ್ದರೆ ತಾನೇ ರೈಫಲ್? ಆ ಹೆಸರೇ ಗೀರಿನಿಂದ ಬಂದದ್ದು. ನುಣುಪು ರೈಫಲ್ ಅಂದರೆ ಪಾಕ ಇಲ್ಲದ ಜಿಲೇಬಿ.

ಬೇಡ ಅಂತಲೇ ನನ್ನ ಮತ. ಚರೆ (ಒಟ್ಟಿಗೆ ಹಾರುವ ಸಣ್ಣ ಕಾಳುಗುಂಡು) ಹೊಡೆಯಬೇಕಾ, ಹಗುರವಾದ ಫೌಲರ್ (ಹಕ್ಕಿ ಹೊಡೆಯುವ ನುಣುಪು ಕೋವಿ) ತಗೊಳ್ಳಿ. ಒಂಟಿ ಗುಂಡು ಹೊಡೆಯಬೇಕಾ, ನಿಮ್ಮ ಹತ್ತಿರ ರೈಫಲ್ ಇದೆ. ಇದು ಎರಡೂ ಅಲ್ಲ. ರೈಫಲಿನಷ್ಟು ಭಾರ, ಫೌಲರಿನಷ್ಟು ಗುರಿ. ನುಣುಪು ನಳಿಗೆಯ ಮೇಲೆ ಹಿಂದಿನ ಸೈಟು ಬರೀ ಒಡವೆ. ಗುಂಡು ಎತ್ತ ಹೋಗುತ್ತದೋ ಅದಕ್ಕೇ ಗೊತ್ತಿಲ್ಲದಾಗ ಸೈಟು ಏನು ಮಾಡೀತು?

ಚಕಮಕಿ_ಓಹಾಯೋ

ಪಿಶಾಚಿಯವರು ಹೇಳಿದ್ದು ಅರ್ಧ ಸರಿ. ನಾನು ಇಂಥದ್ದನ್ನು ಮೂರು ವರ್ಷ ಇಟ್ಟುಕೊಂಡು ಮಾರಿದವನು. ಈಗ ನನ್ನ ಹತ್ತಿರ ಹಿಂದಿನ ಸೈಟು ಇಲ್ಲದ 24 ಗೇಜಿನ ಟ್ರೇಡ್ ಗನ್ (ಹಿಂದೆ ವ್ಯಾಪಾರಕ್ಕೆಂದು ಮಾಡುತ್ತಿದ್ದ ಸಾದಾ ನುಣುಪು ಕೋವಿಯ ಮಾದರಿ) ಇದೆ. ಮೊದಲು ಈ ಕೋವಿ ಯಾಕೆ ಹುಟ್ಟಿತು ಎಂದು ನೋಡೋಣ.

ಇದು ಇವತ್ತಿನವರ ಹುಚ್ಚಲ್ಲ. 18ನೇ ಶತಮಾನದ ಕೊನೆ, 19ನೇ ಶತಮಾನದ ಮೊದಲ ಭಾಗದಲ್ಲಿ ನಿಮ್ಮ ಲ್ಯಾಂಕಾಸ್ಟರ್ ಸುತ್ತಮುತ್ತ ಜರ್ಮನ್ ಮೂಲದ ಕೋವಿ ಕಮ್ಮಾರರು ಇಂಥವನ್ನು ಮಾಡುತ್ತಿದ್ದರು. ಆ ಕಾಲದ ಆಸ್ತಿಪಟ್ಟಿಗಳಲ್ಲೂ ಈ ಹೆಸರು ಸಿಗುತ್ತದೆ. ರೈತನ ಮನೆಗೆ ಒಂದೇ ಕೋವಿ. ಬೆಳಿಗ್ಗೆ ಜಿಂಕೆಗೆ ಒಂಟಿ ಗುಂಡು, ಸಂಜೆ ಅಳಿಲಿಗೆ ಚರೆ. ಗೀರಿನ ನಳಿಗೆಯಲ್ಲಿ ಚರೆ ಹಾಕಿದರೆ ಅದೂ ಸುತ್ತುತ್ತಾ ಹೋಗಿ ಉದ್ದಿನ ವಡೆಯ ಹಾಗೆ ಹರಡುತ್ತದೆ. ಸುತ್ತ ಚರೆ, ನಡುವೆ ತೂತು. ಹಕ್ಕಿ ಆ ತೂತಿನಲ್ಲಿ ಕೂತು ನಗುತ್ತದೆ. ಅದಕ್ಕೇ ನುಣುಪು ಬೇಕಿತ್ತು. ಇನ್ನು ಕೆಲವು ಮೊದಲು ರೈಫಲ್ ಆಗಿದ್ದವೇ. ಗೀರು ಸವೆದ ಮೇಲೆ ಕೊರೆದು ನುಣ್ಣಗೆ ಮಾಡಿಸಿಕೊಂಡರು.

ಮತ್ತೊಂದು ಲಾಭ ಇದೆ. ಕರಿಮದ್ದು ಸಿಕ್ಕಾಪಟ್ಟೆ ಮಸಿ ಬಿಡುತ್ತದೆ. ಗೀರಿನ ನಳಿಗೆಯಲ್ಲಿ ನಾಲ್ಕೈದು ಈಡಿಗೆ ಗುಂಡು ಇಳಿಯುವುದೇ ಕಷ್ಟ. ನುಣುಪಿನಲ್ಲಿ ಸುಲಭ. ಮನೆಗೆ ಬಂದು ಬಿಸಿನೀರು ಹಾಕಿ ತೊಳೆದರೆ ಹತ್ತು ನಿಮಿಷದ ಕೆಲಸ.

ನಾನು ಮಾರಿದ್ದು ಗುರಿ ಕಾರಣಕ್ಕಲ್ಲ. ಹಿಡಿಯ, ಅಂದರೆ ಭುಜಕ್ಕೆ ಊರುವ ಮರದ ಭಾಗದ, ಕಾರಣಕ್ಕೆ. ಮುಂದೆ ಬರೆಯುತ್ತೇನೆ, ಈಗ ಮಗಳನ್ನು ಈಜಿಗೆ ಬಿಡಬೇಕು.

ಅಡಿಕೆ_ತೋಟ

ತೀರ್ಥಹಳ್ಳಿಯಿಂದ. ನೀವೆಲ್ಲ ಡಾಲರ್ ಕೊಟ್ಟು ಹುಡುಕುವುದು ನಮ್ಮ ಅಟ್ಟದ ಮೇಲೆ ಇದೆಯಲ್ಲ ಮಾರಾಯ್ರೆ! ಲೈಸೆನ್ಸ್ ಪುಸ್ತಕದಲ್ಲಿ ‘ಎಸ್‌ಬಿಎಂಎಲ್’ ಎಂದು ಬರೆದಿರುತ್ತಾರೆ. ಒಂಟಿ ನಳಿಗೆ, ಬಾಯಿಂದ ತುಂಬುವುದು. ಒಳಗೆ ನುಣುಪು. ಮುಂದೆ ಒಂದು ಮಣಿ, ಹಿಂದೆ ಏನೂ ಇಲ್ಲ. ನಿಮ್ಮದು ಅದೇ ಕೋವಿ, ರೈಫಲಿನ ಅಂಗಿ ಹಾಕಿಕೊಂಡಿದೆ ಅಷ್ಟೆ.

ನಮ್ಮಲ್ಲಿ ಇದು ಬೆಳೆ ಕಾಯಲು. ಮಂಗ ಓಡಿಸಲು ಬರೀ ಮದ್ದು ಹಾಕಿ ಸದ್ದು ಮಾಡುತ್ತೇವೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಕತೆ ಅಜ್ಜಂದಿರ ಬಾಯಲ್ಲಿ ಮಾತ್ರ. ಚುನಾವಣೆ ಬಂತು ಅಂದರೆ ಕೋವಿ ಹೊತ್ತುಕೊಂಡು ಠಾಣೆಗೆ ಹೋಗಿ ಒಪ್ಪಿಸಬೇಕು. ಒಂದು ಸಲ ಮಳೆಗಾಲದ ನಂತರ ವಾಪಸ್ ಸಿಕ್ಕಾಗ ನಳಿಗೆಯೊಳಗೆ ಕೆಂಪು ತುಕ್ಕು. ತೆಂಗಿನೆಣ್ಣೆ ಹಾಕಿ ವಾರಗಟ್ಟಲೆ ತಿಕ್ಕಿದೆ.

ಒಂದು ಮಾತು ಮಾತ್ರ ಕೇಳಿ. ಹಳೆ ಕೋವಿ ಕೈಗೆ ತಗೊಂಡ ಕೂಡಲೇ ಗಜ (ನಳಿಗೆಯೊಳಗೆ ಈಡು ತಳ್ಳುವ ಉದ್ದ ಕೋಲು) ಹಾಕಿ ನೋಡಿ. ನಮ್ಮ ದೊಡ್ಡಪ್ಪ ತೀರಿಕೊಂಡ ಮೇಲೆ ಗೋಡೆಯ ಕೋವಿ ಇಳಿಸಿದೆವು. ಖಾಲಿ ಎಂದೇ ಎಲ್ಲರೂ ಹೇಳಿದ್ದರು. ಗಜ ಒಳಗೆ ಬಿಟ್ಟರೆ ತಳ ಮುಟ್ಟಲಿಲ್ಲ. ನಾಲ್ಕು ಬೆರಳು ಹೊರಗೇ ನಿಂತಿತು. ಯಾವ ಕಾಲದಲ್ಲಿ ತುಂಬಿದ ಈಡೋ! ಮಕ್ಕಳು ಅದೇ ಕೋವಿ ಕೆಳಗೆ ಹೋಂವರ್ಕ್ ಬರೆಯುತ್ತಿದ್ದರು.

ಕೊಪ್ಪದ_ಮಳೆ

ಗಜದ ಕತೆ ಓದಿ ಮೈ ಝುಮ್ಮೆಂದಿತು. ನಮ್ಮ ಅಜ್ಜನೂ ಗಜದ ಮೇಲೆ ಚಾಕುವಿನಲ್ಲಿ ಎರಡು ಗೆರೆ ಕೊರೆದಿದ್ದರು. ಒಂದು ಖಾಲಿಗೆ, ಒಂದು ಈಡಿಗೆ. ನನ್ನ ರೈಫಲಿನ ಗಜಕ್ಕೂ ಹಾಗೇ ಮಾಡಿದ್ದೇನೆ. ರೇಂಜಿನವರು ಯಾರಿಂದ ಕಲಿತೆ ಎಂದು ಕೇಳಿದ್ದರು.

ತೋಕ್_ಪೂ

ಮಡಿಕೇರಿಯಿಂದ. ನಮ್ಮಲ್ಲಿ ಕೋವಿಗೆ ತೋಕ್ ಎನ್ನುತ್ತೇವೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಒರೆಸಿ, ಸಾಲಾಗಿ ಇಟ್ಟು, ನಳಿಗೆ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಕೆಂಪು ಹಳದಿ ಬೆಂಕಿಯಂಥ ಹೂ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿದ್ದಾರೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು.

ನಾನು ಹೇಳಬೇಕಿದ್ದುದು ಬೇರೆ. ಹಬ್ಬದಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಪಂದ್ಯ ಇರುತ್ತದೆ. ಅಲ್ಲಿ ನೋಡಿದ್ದೇನೆ. ಕೋವಿ ಯಾವುದು ಎಂಬುದಕ್ಕಿಂತ ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರುತ್ತದಾ ಎಂಬುದು ದೊಡ್ಡದು. ಹಿಂದಿನ ಸೈಟು ಇಲ್ಲದ ಕೋವಿಯಲ್ಲಿ ನಿಮ್ಮ ಕಣ್ಣೇ ಹಿಂದಿನ ಸೈಟು. ತಲೆ ಒಂದು ಕೂದಲು ಎತ್ತಿದರೆ ಗುಂಡು ಕಾಯಿಯ ಮೇಲೆ ಹೋಗುತ್ತದೆ. ಪಿಶಾಚಿಯವರು ಸೈಟನ್ನು ಒಡವೆ ಅಂದಿದ್ದು ಅಷ್ಟು ಸರಿಯಿಲ್ಲ.

ಮೇಷ್ಟ್ರು_ಮೆಕ್ಯಾನಿಕಲ್

ಗುಂಡು ಎತ್ತ ಹೋಗುತ್ತದೆ ಎಂಬುದಕ್ಕೆ 280 ವರ್ಷ ಹಳೆಯ ಉತ್ತರ ಇದೆ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞ 1740ರ ದಶಕದಲ್ಲಿ ಒಂದು ಮಸ್ಕೆಟ್ಟಿನ (ನುಣುಪು ನಳಿಗೆಯ ಹಳೇ ಸೈನಿಕ ಕೋವಿ) ನಳಿಗೆಯ ತುದಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿದ. ಮುಂದೆ ದೂರ ದೂರಕ್ಕೆ ತೆಳು ಕಾಗದದ ಪರದೆ ಕಟ್ಟಿ ಹೊಡೆದ. ಗುಂಡು ಮೊದಲು ಎಡಕ್ಕೆ ಹೋಯಿತು. ಆಮೇಲೆ ಗಾಳಿಯಲ್ಲೇ ತಿರುಗಿ ಬಲಕ್ಕೆ ದಾಟಿತು! ಬಗ್ಗಿದ ಕಡೆ ಗುಂಡು ನಳಿಗೆಯ ಬಲಗೋಡೆಗೆ ಒತ್ತಿ ಉರುಳುತ್ತದೆ. ಆ ಉರುಳಾಟ ಹೊರಗೆ ಬಂದ ಮೇಲೂ ಉಳಿದು ಅದನ್ನು ಪಕ್ಕಕ್ಕೆ ಎಳೆಯುತ್ತದೆ. ಸ್ಪಿನ್ ಬೌಲರನ ಚೆಂಡು ಗಾಳಿಯಲ್ಲಿ ತೇಲಿ ಪಕ್ಕಕ್ಕೆ ಹೋಗುವುದೂ ಇದರಿಂದಲೇ.

ನುಣುಪು ನಳಿಗೆಯಲ್ಲಿ ಗುಂಡು ಪ್ರತಿ ಸಲ ಬೇರೆ ಬೇರೆ ಕಡೆ ಉರುಳುತ್ತದೆ. ಗೀರು ಮಾಡುವುದು ಇಷ್ಟೇ: ಎಲ್ಲ ಗುಂಡಿಗೂ ಒಂದೇ ತಿರುಗು ಕೊಡುತ್ತದೆ. ಆದರೆ ಈ ಎಳೆತಕ್ಕೆ ಸಮಯ ಬೇಕು. ಹತ್ತಿರದಲ್ಲಿ ಏನೂ ಗೊತ್ತಾಗುವುದಿಲ್ಲ. ದೂರ ಹೋದಂತೆ ಬೆಳೆಯುತ್ತದೆ. ಹಾಗಾಗಿ ಪ್ರಶ್ನೆ ಕೋವಿಯದ್ದಲ್ಲ, ದೂರದ್ದು. ನೀವು ನಿಜವಾಗಿ ಎಷ್ಟು ದೂರಕ್ಕೆ ಹೊಡೆಯುತ್ತೀರಿ?

(ಈ ರಾಬಿನ್ಸ್ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ನಮ್ಮ ಕಡೆಗೇ ಬಂದ. 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಪಾಪ, ಬಂದು ಜಾಸ್ತಿ ದಿನ ಆಗಿರಲಿಲ್ಲ.)

ಹೊಸಬ_ಎಚ್1ಬಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ನಮ್ಮಂಥವರು ಇದನ್ನು ಇಟ್ಟುಕೊಳ್ಳಬಹುದಾ?

ಚಕಮಕಿ_ಓಹಾಯೋ

ಒಳ್ಳೆ ಪ್ರಶ್ನೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಎಚ್-1ಬಿಯಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಇನ್ನು 1968ರ ಕಾಯ್ದೆಯ ಪ್ರಕಾರ, ತೋಟಾ ಹಾಕಲಾಗದ, ಬಾಯಿಂದ ತುಂಬುವ ಹಳೆ ಮಾದರಿಯ ಕೋವಿ ‘ಬಂದೂಕು’ ಎಂಬ ವ್ಯಾಖ್ಯೆಗೇ ಬರುವುದಿಲ್ಲ. ಆದರೆ ರಾಜ್ಯಗಳ ಕಾನೂನು ಬೇರೆ ಬೇರೆ. ಕೆಲವು ರಾಜ್ಯಗಳು ಇದನ್ನೂ ಬಂದೂಕು ಎಂದೇ ಎಣಿಸುತ್ತವೆ. ವೀಸಾ ವಿಷಯ, ಸುಮ್ನೆ ನಮ್ಮ ಮಾತು ನಂಬಬೇಡಿ. ವಕೀಲರಿಗೆ ದುಡ್ಡು ಕೊಟ್ಟು ಕೇಳಿ.

ಈಗ ಹಿಡಿಯ ಕತೆ. ರೈಫಲಿನ ಹಿಡಿಯ ಹಿಂಬದಿ ಕಿರಿದು, ಚಂದ್ರನ ಹಾಗೆ ಒಳಗೆ ಬಾಗಿರುತ್ತದೆ. ಚಂದ. ಆದರೆ ಅದು ಸಣ್ಣ ಗುಂಡಿನ ಒದೆತಕ್ಕೆ ಮಾಡಿದ ಆಕಾರ. 20 ಗೇಜಿಗೆ ಒಂದು ಔನ್ಸ್ ಚರೆ ತುಂಬಿ ಹತ್ತು ಸಲ ಹೊಡೆಯಿರಿ. ಮೊನಚಾದ ಎರಡೂ ತುದಿ ಭುಜಕ್ಕೆ ಚುಚ್ಚುತ್ತದೆ. ನನಗೆ ನೀಲಿಗಟ್ಟಿತ್ತು. ನಿಮ್ಮ ಹಿರಿಯರ ಕೋವಿಯದ್ದು ಅಗಲವಾಗಿ, ಚಪ್ಪಟೆಯಾಗಿದೆಯಾ ನೋಡಿ. ಹಳೇ ಮಾದರಿಯಾದರೆ ಅಗಲ ಇರುತ್ತದೆ.

ಇನ್ನೊಂದು. ಸ್ಪರ್ಧೆಗೆ ಹೋಗುವ ಆಸೆ ಇದ್ದರೆ ಮೊದಲು ನಿಯಮ ಓದಿ. ಅನೇಕ ಕಡೆ ನುಣುಪು ನಳಿಗೆಯ ಪಂದ್ಯಕ್ಕೆ ಹಿಂದಿನ ಸೈಟು ಇದ್ದರೆ ಸೇರಿಸುವುದಿಲ್ಲ. ರೈಫಲ್ ಪಂದ್ಯಕ್ಕೆ ಹೋದರೆ ನೀವೇ ಸೋಲುತ್ತೀರಿ. ಎರಡು ಬಾಗಿಲ ನಡುವೆ ನಿಂತ ಹಾಗೆ.

ಸಂಶಯ_ಪಿಶಾಚಿ

ನೋಡಿ, ನಾನು ಹೇಳಿದ್ದೂ ಅದೇ ಅಲ್ವಾ? ಎರಡೂ ಅಲ್ಲ!

ಕೊಪ್ಪದ_ಮಳೆ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಭಾನುವಾರ, ಹಿರಿಯರು ಕೋವಿ ತಂದು ಕೊಟ್ಟು ‘ಸಂಜೆ ತನಕ ನಿನ್ನದೇ’ ಅಂದರು. ನಡೆದದ್ದನ್ನು ಹಾಗೇ ಬರೆಯುತ್ತೇನೆ, ಉದ್ದ ಆದರೆ ಬೈಯಬೇಡಿ.

ಮೊದಲು ಗಜ. ತಳ ಮುಟ್ಟಿತು, ಟಂಗ್ ಎಂದು ಕಬ್ಬಿಣದ ಸದ್ದು ಬಂತು. ಅಡಿಕೆ ತೋಟದವರ ದೊಡ್ಡಪ್ಪ ನೆನಪಾದರು. ಆಮೇಲೆ ಸಣ್ಣ ಎಲ್‌ಇಡಿ ದೀಪವನ್ನು ದಾರ ಕಟ್ಟಿ ಒಳಗೆ ಇಳಿಸಿದೆ. ಒಳಗೋಡೆ ಕನ್ನಡಿ. ಎಲ್ಲೂ ಉಂಗುರದಂಥ ನೆರಳು ಕಾಣಲಿಲ್ಲ. ಗುಂಡು ಮದ್ದಿನ ಮೇಲೆ ಕೂರದೆ ಮೇಲೇ ನಿಂತಾಗ ಹೊಡೆದರೆ ನಳಿಗೆ ಉಬ್ಬಿ ಅಂಥ ಉಂಗುರ ಬೀಳುತ್ತದೆ. ಹೊರಗಿಂದ ಬೆರಳು ಸವರಿದೆ, ಎಲ್ಲೂ ಉಬ್ಬಿಲ್ಲ. ಬೆಂಕಿ ಹೋಗುವ ತೂತು ಮಾತ್ರ ಸ್ವಲ್ಪ ಅಗಲ ಆಗಿತ್ತು. ಹಿರಿಯರೇ ಒಪ್ಪಿಕೊಂಡರು.

ಚಕಮಕಿ ಕಲ್ಲು ಜೇನಿನ ಬಣ್ಣದ ಫ್ರೆಂಚ್ ಕಲ್ಲು. ಕತ್ತಲೆ ಮೂಲೆಗೆ ಹೋಗಿ ಮದ್ದಿಲ್ಲದೆ ಒಮ್ಮೆ ಬಿಟ್ಟು ನೋಡಿದೆ. ಬಿಳಿ ಕಿಡಿ ಬಾಣಲೆಯೊಳಗೆ (ಕಿಡಿ ತಾಗುವ ಮದ್ದು ಇಡುವ ಪುಟ್ಟ ಬಟ್ಟಲು) ಸುರಿದವು. ಆ ಒಂದು ಕ್ಷಣಕ್ಕೇ ನಾನು ಅರ್ಧ ಸೋತೆ, ಸುಳ್ಳು ಹೇಳುವುದಿಲ್ಲ.

ಗುಂಡು 0.600 ಇಂಚಿನದ್ದು. ಕೈಯಲ್ಲಿಟ್ಟರೆ ಗೋಲಿಯ ಹಾಗೆ. ಸುಮಾರು 21 ಗ್ರಾಂ. ನನ್ನ ರೈಫಲಿನದ್ದು ಹನ್ನೊಂದೂವರೆ. ಬಟ್ಟೆಗೆ ಎಣ್ಣೆ ಹಚ್ಚಿ ಇಟ್ಟೆ, ಹೆಬ್ಬೆರಳು ಒತ್ತಿದರೆ ಬಾಯೊಳಗೆ ಹೋಯಿತು. ಗಜದಿಂದ ಒಂದೇ ತಳ್ಳು, ತಳಕ್ಕೆ. ನನ್ನದರಲ್ಲಿ ಮರದ ಸುತ್ತಿಗೆಯಿಂದ ಗುದ್ದಿ ಇಳಿಸಬೇಕು.

25 ಗಜ (ಇದು ಕೋಲಲ್ಲ, ಯಾರ್ಡ್) ದೂರಕ್ಕೆ ಐದು ಹೊಡೆದೆ. ಐದೂ ಕಾಫಿ ಲೋಟದ ಬಾಯಿಯೊಳಗೆ. 50 ಗಜಕ್ಕೆ ಐದು. ನನ್ನ ಅಂಗೈ ಬೆರಳು ಅಗಲಿಸಿ ಇಟ್ಟರೆ ಎಲ್ಲ ಮುಚ್ಚಿತು. 75ಕ್ಕೆ ಐದು ಹೊಡೆದೆ, ಕಾಗದದಲ್ಲಿ ಮೂರೇ ತೂತು. ಉಳಿದೆರಡು ಎಲ್ಲಿ ಹೋದವೋ, ರಾಬಿನ್ಸನನ್ನೇ ಕೇಳಬೇಕು.

ಆಮೇಲೆ ತೋಕ್ ಪೂ ಅವರ ಮಾತು ನೆನಪಾಗಿ ಒಂದು ಆಟ ಆಡಿದೆ. ಹಿಂದಿನ ಸೈಟಿನ ಮೇಲೆ ಕಪ್ಪು ಟೇಪು ಸುತ್ತಿ ಮುಚ್ಚಿದೆ. ಮತ್ತೆ 50 ಗಜ, ಐದು ಈಡು. ಎಡ ಬಲ ಮೊದಲಿನಷ್ಟೇ. ಮೇಲೆ ಕೆಳಗೆ ಮಾತ್ರ ಒಂದು ಮೊಳ ಹರಡಿತು! ಟೇಪು ತೆಗೆದು ಹೊಡೆದೆ. ಮತ್ತೆ ಅಂಗೈಯೊಳಗೆ ಬಂತು. ಅಂದರೆ 50 ಗಜದೊಳಗೆ ತಪ್ಪುತ್ತಿದ್ದುದು ನಳಿಗೆಯಲ್ಲ, ನನ್ನ ತಲೆ.

ಚರೆಯನ್ನೂ ನೋಡಿದೆ. ಹಳೇ ಪೇಪರ್ ಹಾಳೆ ಬಿಡಿಸಿ 25 ಗಜಕ್ಕೆ ಕಟ್ಟಿದೆ. ಚರೆ ಹರಡದಂತೆ ತುದಿಯಲ್ಲಿ ಕಿರಿದು ಮಾಡದ ನಳಿಗೆ, ಹಾಗಾಗಿ ಹಾಳೆ ತುಂಬಾ ಹರಡಿತು. ಅಳಿಲಿಗೆ ಅಷ್ಟು ದೂರ ಸಾಕು, ಅದಕ್ಕಿಂತ ಮುಂದೆ ಅನ್ಯಾಯ. ಹಿಡಿ ಅಗಲವಾಗಿಯೇ ಇದೆ, ಭುಜ ಉಳಿಯಿತು. ಹಾರುವ ಹಕ್ಕಿಗೆ ಹೇಗೋ ಎಂದು ಗಾಳಿಯಲ್ಲಿ ಮಣ್ಣಿನ ಬಿಲ್ಲೆ ಹಾರಿಸಿ ನೋಡಿದೆ. ಆರರಲ್ಲಿ ಒಂದೂ ಸಿಗಲಿಲ್ಲ. ಅಲ್ಲಿ ಹಿಂದಿನ ಸೈಟು ಕಣ್ಣಿಗೆ ಕಸ.

ಸಂಶಯ_ಪಿಶಾಚಿ

ಒಡವೆ ಎಂಬ ಮಾತು ವಾಪಸ್ ತಗೊಂಡೆ. ಆದರೆ 75 ಗಜದ ಆ ಎರಡು ಗುಂಡು ಜಿಂಕೆಯ ಹೊಟ್ಟೆಗೆ ಹೋಗಿದ್ದರೆ? ಗಾಯಗೊಂಡು ಓಡುವ ಪ್ರಾಣಿ ಹುಡುಕಿಕೊಂಡು ರಾತ್ರಿಯೆಲ್ಲಾ ಅಲೆಯುತ್ತೀರಾ?

ಕೊಪ್ಪದ_ಮಳೆ

ಅದೇ ಪ್ರಶ್ನೆ ನನ್ನದೂ. ನಿನ್ನೆ ನಾನು ಕೂರುವ ಕಾಡಿಗೆ ಹೋದೆ. ಇಲ್ಲಿ ಕ್ರಿಸ್‌ಮಸ್ ಮರುದಿನ, ಡಿಸೆಂಬರ್ 26ಕ್ಕೆ, ಚಕಮಕಿ ಕೋವಿಗೆಂದೇ ಬೇಟೆಯ ಋತು ಶುರುವಾಗುತ್ತದೆ. ನಾಲ್ಕು ವರ್ಷದಲ್ಲಿ ನನಗೆ ಸಿಕ್ಕಿದ್ದು ಮೂರು ಜಿಂಕೆ. ಮೂರೂ ಜಾಗ ನೆನಪಿದೆ. ಕೂತ ಮರದಿಂದ ಹೆಜ್ಜೆ ಹಾಕಿ ಎಣಿಸಿದೆ. 22, 31, 40. ಅದಕ್ಕಿಂತ ದೂರಕ್ಕೆ ಅಲ್ಲಿ ಪೊದೆಯೇ ಕಾಣಲು ಬಿಡುವುದಿಲ್ಲ. ಮೇಷ್ಟ್ರು ಕೇಳಿದ ಪ್ರಶ್ನೆಗೆ ಇದೇ ಉತ್ತರ. 45 ಹೆಜ್ಜೆಗೆ ಒಂದು ಬೀಚ್ ಮರ ಇದೆ. ಅದರಾಚೆ ಏನೇ ನಿಂತರೂ ಹೊಡೆಯುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಅಡಿಕೆ_ತೋಟ

ಸರಿ ಹಾಗಾದರೆ. ನನಗೆ ಹೊಟ್ಟೆಕಿಚ್ಚು ಬಿಟ್ಟರೆ ಬೇರೇನೂ ಇಲ್ಲ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಇಲ್ಲಿ ಒಬ್ಬರಿಗೆ ಎರಡೇ ಬಂದೂಕು. ಮೊದಲು ಮೂರು ಇತ್ತು. ಮೂರನೆಯದರ ಆಸೆ ಇದ್ದರೂ ದಾರಿ ಇಲ್ಲ. ನಿಮ್ಮದನ್ನು ಊರಿಗೆ ತರುವ ಕನಸು ಮಾತ್ರ ಕಾಣಬೇಡಿ, ವಿಮಾನ ನಿಲ್ದಾಣದಲ್ಲೇ ವರ್ಷ ಕಳೆಯುತ್ತೀರಿ.

ಚಕಮಕಿ_ಓಹಾಯೋ

ಒಂದು ಉಪಾಯ. ಆ ಹಿಂದಿನ ಸೈಟು ನಳಿಗೆಯ ಮೇಲೆ ಅಡ್ಡಕ್ಕೆ ಕೊರೆದ ಕಚ್ಚಿನಲ್ಲಿ ಕೂರಿಸಿದ್ದಾದರೆ, ಹಿತ್ತಾಳೆ ಕಡ್ಡಿ ಇಟ್ಟು ತಟ್ಟಿದರೆ ಪಕ್ಕಕ್ಕೆ ಜಾರಿ ಬರುತ್ತದೆ. ಪಂದ್ಯದ ದಿನ ತೆಗೆದಿಡಿ. ಖಾಲಿ ಕಚ್ಚು ಇದ್ದರೂ ಬೇಡ ಅನ್ನುವವರಿದ್ದಾರೆ. ಅಲ್ಲಿಗೆ ಹೋಗುವ ಮೊದಲು ಫೋನ್ ಮಾಡಿ ಕೇಳಿ. ಬಾತುಕೋಳಿಗೆ ಸೀಸದ ಚರೆ ಹಾಕಬೇಡಿ, 1991ರಿಂದ ಇಡೀ ದೇಶದಲ್ಲಿ ನಿಷೇಧ.

ಬೆಲೆ ಬಗ್ಗೆ: ಬೆಂಕಿ ತೂತು ಅಗಲ ಆಗಿದೆ ಅಂದಿರಿ. ಅದಕ್ಕೆ ಹೊಸ ಲೈನರ್ (ತೂತಿನೊಳಗೆ ಕೂರಿಸುವ ಪುಟ್ಟ ಲೋಹದ ಕೊಳವೆ) ಹಾಕಿಸಬೇಕು. ಆ ಖರ್ಚು ಕಳೆದು ಕೇಳಿ.

ಕೊಪ್ಪದ_ಮಳೆ

ಕೇಳಿದೆ. 1,250ಕ್ಕೆ ಒಪ್ಪಿದರು. ಒಂದು ಷರತ್ತು ಹಾಕಿದರು: ಮಾರುವುದಾದರೆ ಮೊದಲು ಅವರ ಮೊಮ್ಮಗನಿಗೆ ಹೇಳಬೇಕು. ಹುಡುಗನಿಗೆ ಈಗ ಒಂಬತ್ತು ವರ್ಷ.

ಮನೆಗೆ ತಂದೆ. ಹೆಂಡತಿ ಹಿತ್ತಾಳೆ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ, ‘ಇದರಲ್ಲಿ ಏಲಕ್ಕಿ ಇಡಬಹುದು’ ಅಂದಳು. ರೈಫಲನ್ನು ಮಾರುವ ಯೋಚನೆ ಸದ್ಯಕ್ಕಿಲ್ಲ, ರೇಂಜಿನಲ್ಲಿ ದೂರಕ್ಕೆ ಹೊಡೆಯಲು ಅದು ಬೇಕು. ಹೊಸದರ ಗಜಕ್ಕೆ ಗೆರೆ ಕೊರೆಯುವ ಕೆಲಸ ಬಾಕಿ ಇದೆ. ಖಾಲಿಯದು ಕೊರೆದಾಯಿತು. ಗುಂಡಿನ ಈಡಿಗೆ ಒಂದು, ಚರೆಯ ಈಡಿಗೆ ಒಂದು, ಒಟ್ಟು ಮೂರು ಗೆರೆ ಬೇಕಾಗುತ್ತದೆ. ಅಜ್ಜನ ಗಜದಲ್ಲಿ ಎರಡೇ ಯಾಕಿತ್ತು ಅಂತ ಈಗ ತಲೆ ಕೆಡುತ್ತಿದೆ. ತೀರ್ಥಹಳ್ಳಿಯವರೇ, ನಿಮ್ಮ ಕಡೆ ಎಷ್ಟು ಗೆರೆ ಹಾಕುತ್ತಿದ್ದರು?

ಅಡಿಕೆ_ತೋಟ

ನಮ್ಮ ಗಜದ ಮೇಲೆ ಗೆರೆಯೇ ಇಲ್ಲ. ಅದಕ್ಕೇ ಅಲ್ವಾ ದೊಡ್ಡಪ್ಪನ ಈಡು ಅಷ್ಟು ವರ್ಷ ಒಳಗೇ ಇದ್ದದ್ದು. ನಾಳೆ ಅಟ್ಟ ಹತ್ತಿ ಕೊರೆಯುತ್ತೇನೆ.